ಹಳದಿಗಟ್ಟಿದ ಬಾರ್ಬಿಗೆ ಬಿಸಿಲಿನ ಚಿಕಿತ್ಸೆ

1959ರಲ್ಲಿ ನ್ಯೂಯಾರ್ಕಿನ ಆಟಿಕೆಗಳ ಮೇಳದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ಬಾರ್ಬಿಯ ವಂಶಕ್ಕೆ ಸೇರಿದ ಹಳೆಯ ಬೊಂಬೆಯೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡವರು, ಅದರ ವಿನೈಲ್ ಮೈಯ ಹಳದಿಯನ್ನು ಕೊಳೆಯೆಂದು ಭಾವಿಸಿ ಉಜ್ಜತೊಡಗುವುದು ಸಹಜವಾದರೂ, ಸಾಬೂನಿಗೆ ಅದು ಜಗ್ಗದು. ಏಕೆಂದರೆ ಅದು ಮೇಲೆ ಕುಳಿತ ಧೂಳಲ್ಲ, ಬೆಳಕು ಮತ್ತು ಶಾಖಗಳ ದೆಸೆಯಿಂದ ವಿನೈಲಿನ, ಅರ್ಥಾತ್ ಪಿವಿಸಿಯ, ಅಣುಗಳು ಹೈಡ್ರೋಜನ್ ಕ್ಲೋರೈಡನ್ನು ಕಳೆದುಕೊಂಡು ತಾಳಿದ ವಿಕಾರ.

ಪರಿಹಾರವಿದು: ಬೊಂಬೆಯನ್ನು ತೊಳೆದು ಒರೆಸಿ, ಮುಖದ ಬಣ್ಣವನ್ನೂ ಕೂದಲನ್ನೂ ಮರೆಮಾಡಿ, ಕೈಗವಸು ತೊಟ್ಟು, ಕೇಶಕ್ಕೆ ಬಣ್ಣ ಹಚ್ಚುವವರು ಬಳಸುವ ಶೇ. 12ರ ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮನ್ನು ಸಮನಾಗಿ ಲೇಪಿಸಿ, ಒಣಗದಂತೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ ಸುತ್ತಿ ಬಿಸಿಲಿನಲ್ಲಿರಿಸಬೇಕು. ಆಗಾಗ ತಿರುಗಿಸಿ ನೋಡುತ್ತಿದ್ದು, ಸಾಕೆನಿಸಿದೊಡನೆ ತೊಳೆಯಬೇಕು. ಲೇಪವು ಒಣಗಿದಲ್ಲಿ ಬಿಳಿಯ ಪಟ್ಟೆಗಳು ಮೂಡುವುವು, ಅತಿಯಾದಲ್ಲಿ ಮೈಬಣ್ಣವೇ ಮಾಸುವುದು.

ಕೆಲವು ಬೊಂಬೆಗಳ ಕಿವಿಯ ಬಳಿ ಕಾಣುವ ಹಸಿರು ಕಲೆ ಬೇರೆಯದು. ಲೋಹದ ಓಲೆಯಿಂದ ವಿನೈಲಿಗೆ ಇಳಿದ ಅದಕ್ಕೆ ಮೊಡವೆಗೆ ಹಚ್ಚುವ ಬೆಂಜೋಯ್ಲ್ ಪೆರಾಕ್ಸೈಡ್ ಲೇಪವನ್ನು ಪ್ರಯೋಗಿಸುವರು.

ಆದರೆ ಪೆರಾಕ್ಸೈಡು ಬಣ್ಣವನ್ನು ಅಳಿಸೀತೇ ಹೊರತು ಶಿಥಿಲತೆಯನ್ನು ಸರಿಪಡಿಸದು. ಹಳದಿಯು ಮರುಕಳಿಸಬಹುದಾದ್ದರಿಂದ, ಚಿಕಿತ್ಸೆ ಮುಗಿದ ಬೊಂಬೆಯನ್ನು ಬಿಸಿಲು ಬೀಳದ ತಂಪಾದ ಎಡೆಯಲ್ಲಿ ಇರಿಸತಕ್ಕದ್ದು.