ಮಣಿಸರದ ಗಂಟು

ಕರಿಮಣಿ ಸರ ಹರಿದರೆ ಅಪಶಕುನ ಅಂತ ದೊಡ್ಡವರು ಹೆದರುತ್ತಾರೆ. ನೋಡಿದರೆ ಎಷ್ಟೋ ಸಲ ದಾರ ಹರಿದಿರುವುದೇ ಇಲ್ಲ, ಗಂಟು ಬಿಚ್ಚಿರುತ್ತದೆ! ನೈಲಾನ್ ದಾರ ಬಲು ನುಣುಪು. ಹೂಮಾಲೆಗೆ ಹಾಕುವ ಗಂಟು ಅದರಲ್ಲಿ ನಿಲ್ಲಲ್ಲ, ಜಾರುತ್ತದೆ.

ಅದಕ್ಕೇ ಪೋಣಿಸುವಾಗ ಎರಡೂ ಕಡೆ ಒಂದೊಂದು ಗೇಣು ದಾರ ಬಿಡಬೇಕು. ಮೊದಲನೇ ಗಂಟಿಗೆ ತುದಿಯನ್ನು ಎರಡು ಸುತ್ತು ಸುತ್ತಿ ಎಳೆಯಿರಿ. ಆಗ ಎರಡನೇ ಗಂಟು ಹಾಕುವ ತನಕ ಸಡಿಲ ಆಗಲ್ಲ. ಬಹಳ ಬಿಗಿ ಮಾಡಿದರೆ ಸರ ಕಡ್ಡಿಯ ಹಾಗೆ ಸೆಟೆಯುತ್ತದೆ, ಕೂದಲೆಳೆಯಷ್ಟು ಜಾಗ ಇರಲಿ. ಉಳಿದ ತುದಿಯನ್ನು ಕೂಡಲೇ ಕತ್ತರಿಸಬಾರದು. ಸಣ್ಣ ಸೂಜಿಯಿಂದ ಪಕ್ಕದ ನಾಲ್ಕೈದು ಮಣಿಗಳೊಳಗೆ ತೂರಿಸಿ, ಆಮೇಲೆ ಕತ್ತರಿಸಿ. ತುದಿ ಕಾಣಲ್ಲ, ಕುತ್ತಿಗೆಗೂ ಚುಚ್ಚಲ್ಲ.

ಕೆಲವರು ತುದಿಗೆ ಊದುಬತ್ತಿ ಮುಟ್ಟಿಸುತ್ತಾರೆ. ನೈಲಾನ್ ಕರಗಿ ಉಂಡೆಯಾಗುತ್ತದೆ, ಸರಿ. ಹತ್ತಿ ದಾರವಾದರೆ ಸುಟ್ಟು ಬೂದಿ! ಪ್ಲಾಸ್ಟಿಕ್ ಮಣಿಯೂ ಕರಗೀತು, ಹುಷಾರು.