ಮನೆ ತೋರಿಸಲು ಹೋದವಳು ಮರಳಿ ಬರಲಿಲ್ಲ

1986ರ ಜುಲೈ 28, ಸೋಮವಾರ. ಲಂಡನ್ ನಗರದ ನೈಋತ್ಯ ಭಾಗದಲ್ಲಿರುವ ಫುಲ್ಹ್ಯಾಂ ಬಡಾವಣೆ. ಅಲ್ಲಿನ ಮನೆ ಮಾರಾಟದ ಕಚೇರಿಯೊಂದರಲ್ಲಿ ಸೂಝಿ ಲ್ಯಾಂಪ್ಲೂ ಎಂಬ 25 ವರ್ಷದ ಯುವತಿ ಏಜೆಂಟ್ ಆಗಿ ಕೆಲಸ ಮಾಡುತ್ತಿದ್ದಳು. ಮನೆ ಕೊಳ್ಳಲು ಬಯಸುವವರಿಗೆ ಬೀಗದ ಕೈ ಹಿಡಿದು ಖಾಲಿ ಮನೆಗಳನ್ನು ತೋರಿಸುವುದು ಆಕೆಯ ನಿತ್ಯದ ಕೆಲಸ. ಅಂದಿನ ದಿನಚರಿ ಪುಟದಲ್ಲಿ ಆಕೆ ಒಂದು ಸಣ್ಣ ಟಿಪ್ಪಣಿ ಬರೆದಿಟ್ಟಿದ್ದಳು. ಮಧ್ಯಾಹ್ನ 12.45, ಮಿಸ್ಟರ್ ಕಿಪ್ಪರ್, ಶೋರಲ್ಡ್ಸ್ ರಸ್ತೆಯ 37ನೇ ನಂಬರಿನ ಮನೆ, ಹೊರಗೆ ಭೇಟಿ. ಟಿಪ್ಪಣಿಯ ಸಾರಾಂಶ ಇಷ್ಟೇ.

ಆಕೆ ತನ್ನ ಬಿಳಿ ಬಣ್ಣದ ಫೋರ್ಡ್ ಫಿಯೆಸ್ಟಾ ಕಾರಿನಲ್ಲಿ ಹೊರಟಳು. ಮತ್ತೆ ಕಚೇರಿಗೆ ಬರಲಿಲ್ಲ. ಮಧ್ಯಾಹ್ನ ಕಳೆಯಿತು, ಸಂಜೆಯಾಯಿತು. ಸಹೋದ್ಯೋಗಿಗಳು ಗಾಬರಿಗೊಂಡು ಪೊಲೀಸರಿಗೆ ತಿಳಿಸಿದರು. ರಾತ್ರಿ ಸುಮಾರು 10 ಗಂಟೆಗೆ ಆ ಮನೆಯಿಂದ ಒಂದು ಮೈಲಿಗೂ ಹೆಚ್ಚು ದೂರದ ಸ್ಟೀವನೇಜ್ ರಸ್ತೆಯಲ್ಲಿ ಕಾರು ಸಿಕ್ಕಿತು. ಒಳಗೆ ಆಕೆಯ ಹಣದ ಪರ್ಸ್ ಇತ್ತು. ಕಾರಿನ ಕೀಲಿ ಇರಲಿಲ್ಲ. ಸೂಝಿ ಇರಲಿಲ್ಲ. ಇಂದಿಗೂ ಆಕೆಯ ದೇಹ ಪತ್ತೆಯಾಗಿಲ್ಲ. 1993ರಲ್ಲಿ, ಕೊಲೆಯಾಗಿರಬೇಕೆಂಬ ನಿರ್ಣಯದೊಂದಿಗೆ, ಆಕೆ ಮೃತಳೆಂದು ಅಧಿಕೃತವಾಗಿ ಘೋಷಿಸಲಾಯಿತು. 2002ರಲ್ಲಿ ಪೊಲೀಸರು ಒಬ್ಬನ ಮೇಲೆ ಶಂಕೆ ಇದೆಯೆಂದು ಬಹಿರಂಗವಾಗಿ ಹೇಳಿದರು. ಆತ ಬೇರೊಂದು ಕೊಲೆಯ ಅಪರಾಧಕ್ಕೆ ಅದಾಗಲೇ ಜೈಲಿನಲ್ಲಿದ್ದವನು. ಆದರೆ ಸೂಝಿಯ ಪ್ರಕರಣದಲ್ಲಿ ಸಾಕಷ್ಟು ಸಾಕ್ಷ್ಯ ದೊರೆಯದೆ ಅವನ ಮೇಲೆ ಮೊಕದ್ದಮೆ ಹೂಡಲಾಗಲಿಲ್ಲ. 2024ರಲ್ಲಿ ಆತ ಜೈಲಿನಲ್ಲೇ ಸತ್ತ. 'ಮಿಸ್ಟರ್ ಕಿಪ್ಪರ್' ಯಾರೆಂಬುದು ರುಜುವಾತಾಗದೆ ಉಳಿಯಿತು.

ಬರೆದಿಟ್ಟರೂ ಸಾಲದಾಯಿತು

ಈ ಪ್ರಕರಣದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಸೂಝಿ ಅಜಾಗರೂಕಳಾಗಿರಲಿಲ್ಲ. ಎಲ್ಲಿಗೆ ಹೋಗುತ್ತೇನೆ, ಯಾವ ಹೊತ್ತಿಗೆ, ಯಾರನ್ನು ಕಾಣಲು ಎಂಬುದನ್ನು ಆಕೆ ಬರೆದಿಟ್ಟೇ ಹೋಗಿದ್ದಳು. ಹೊತ್ತು ನಡುಮಧ್ಯಾಹ್ನ, ಸ್ಥಳ ಜನವಸತಿಯಿರುವ ಬೀದಿ. ಹಾಗಿದ್ದರೂ ಎರಡು ಸಂಗತಿಗಳು ಬಿಟ್ಟುಹೋಗಿದ್ದವು. ಬಂದ ವ್ಯಕ್ತಿ ಹೇಳಿದ ಹೆಸರು ನಿಜವೇ ಎಂದು ನೋಡುವ ಪದ್ಧತಿ ಆ ಕಾಲದ ಕಚೇರಿಗಳಲ್ಲಿ ಇರಲಿಲ್ಲ. 'ಇಷ್ಟು ಗಂಟೆಯೊಳಗೆ ಬಾರದಿದ್ದರೆ ಹುಡುಕಲು ಶುರು ಮಾಡಿ' ಎಂಬ ಏರ್ಪಾಡೂ ಇರಲಿಲ್ಲ. ಮಧ್ಯಾಹ್ನ ಹೋದವಳ ಬಗ್ಗೆ ಪೊಲೀಸರಿಗೆ ಸುದ್ದಿ ಮುಟ್ಟಿದ್ದು ಸಂಜೆಗೆ. ಆಗ ಕೈಯಲ್ಲಿ ಮೊಬೈಲ್ ಕೂಡ ಇರಲಿಲ್ಲ. ಬ್ರಿಟನ್ನಿನಲ್ಲಿ ಮೊಬೈಲ್ ದೂರವಾಣಿ ಸೇವೆ ಆರಂಭವಾದದ್ದೇ 1985ರ ಜನವರಿಯಲ್ಲಿ. ಮೊದಮೊದಲು ಅದು ಉಳ್ಳವರ ಕೈಗಷ್ಟೇ ಎಟುಕುವ ವಸ್ತುವಾಗಿತ್ತು.

ಮಗಳು ಕಾಣೆಯಾದ ಆರು ತಿಂಗಳೊಳಗೆ, 1986ರ ಡಿಸೆಂಬರಿನಲ್ಲಿ, ತಾಯಿ ಡಯಾನಾ ಮತ್ತು ತಂದೆ ಪಾಲ್ 'ಸೂಝಿ ಲ್ಯಾಂಪ್ಲೂ ಟ್ರಸ್ಟ್' ಸ್ಥಾಪಿಸಿದರು. ಜನರನ್ನು ಹೆದರಿಸಿ ಮನೆಯಲ್ಲಿ ಕೂರಿಸುವುದು ಅವರ ಉದ್ದೇಶವಾಗಿರಲಿಲ್ಲ. ಒಬ್ಬರೇ ಹೊರಗೆ ಹೋಗಿ ದುಡಿಯಬೇಕಾದವರು ನಿರಾತಂಕವಾಗಿ ದುಡಿಯಲು ಏನು ಮಾಡಬೇಕು ಎಂಬುದನ್ನು ಕಲಿಸುವುದೇ ಆ ಸಂಸ್ಥೆಯ ಕೆಲಸವಾಯಿತು. ಬ್ರಿಟನ್ನಿನಲ್ಲಿ ಜನರನ್ನು ಬೆನ್ನುಹತ್ತಿ ಕಾಡುವವರ ವಿರುದ್ಧ 1997ರಲ್ಲಿ ಬಂದ ಕಾನೂನಿಗೂ, ಲಂಡನ್ನಿನ ಖಾಸಗಿ ಬಾಡಿಗೆ ಕಾರುಗಳಿಗೆ ಪರವಾನಗಿ ಕಡ್ಡಾಯ ಮಾಡಿದ 1998ರ ಕಾನೂನಿಗೂ ಟ್ರಸ್ಟ್ ಒತ್ತಾಯಿಸಿತ್ತು. ಡಯಾನಾ 2011ರಲ್ಲಿ, ಪಾಲ್ 2018ರಲ್ಲಿ ತೀರಿಕೊಂಡರು. ಮಗಳಿಗೆ ಏನಾಯಿತೆಂದು ಇಬ್ಬರಿಗೂ ಕೊನೆಯವರೆಗೆ ಖಚಿತವಾಗಿ ತಿಳಿಯಲಿಲ್ಲ. ಟ್ರಸ್ಟ್ ಮಾತ್ರ ಇಂದೂ ಕೆಲಸ ಮಾಡುತ್ತಿದೆ.

ಮೊಬೈಲ್ ಬಂದ ಮೇಲೆ?

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ, ಇನ್ನು ಅಂಥ ಭಯವಿಲ್ಲ ಎಂದು ಅನೇಕರು ತಿಳಿಯುತ್ತಾರೆ. ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿ ನಡೆದ ಘಟನೆ ಈ ನಂಬಿಕೆಯನ್ನು ಅಲುಗಾಡಿಸಿತು. 2014ರ ಸೆಪ್ಟೆಂಬರ್ 25ರಂದು ಬೆವರ್ಲಿ ಕಾರ್ಟರ್ ಎಂಬ ಅನುಭವಿ ಏಜೆಂಟ್ ಲಿಟ್ಲ್ ರಾಕ್ ನಗರದ ಸಮೀಪದ ಸ್ಕಾಟ್ ಎಂಬ ಗ್ರಾಮೀಣ ಪ್ರದೇಶದಲ್ಲಿ ಖಾಲಿ ಮನೆಯೊಂದನ್ನು ತೋರಿಸಲು ಹೋದರು. ಎಲ್ಲಿಗೆ ಹೋಗುತ್ತಿದ್ದೇನೆಂದು ಗಂಡನಿಗೆ ತಿಳಿಸಿದ್ದರು. ರಾತ್ರಿಯಾದರೂ ಹೆಂಡತಿ ಬಾರದಿದ್ದಾಗ ಆತ ಅಲ್ಲಿಗೇ ಹೋಗಿ ನೋಡಿದರು. ಕಾರು ನಿಂತಿತ್ತು, ಬೆವರ್ಲಿ ಇರಲಿಲ್ಲ. ಆಮೇಲೆ ಅವರ ಫೋನಿನಿಂದಲೇ ಗಂಡನಿಗೆ ಸಂದೇಶಗಳು ಬಂದವು. ಗೆಳತಿಯರೊಡನೆ ಹೊರಗೆ ಹೋಗಿದ್ದೇನೆ ಎಂಬ ಧಾಟಿಯ ಆ ಮಾತುಗಳು ಬೆವರ್ಲಿಯ ಮಾತಿನಂತಿಲ್ಲ ಎಂದು ಮನೆಯವರಿಗೆ ಕೂಡಲೇ ಅನ್ನಿಸಿತು. ಐದು ದಿನಗಳ ಅನಂತರ ಅವರ ಶವ ದೊರೆಯಿತು. ಗಂಡ ಹೆಂಡತಿ ಇಬ್ಬರು ಸೇರಿ, ಮನೆ ಕೊಳ್ಳುವವರಂತೆ ನಟಿಸಿ, ಹಣದಾಸೆಗೆ ಅವರನ್ನು ಅಪಹರಿಸಿದ್ದರು. ಮುಖ್ಯ ಅಪರಾಧಿಗೆ 2016ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಇವರನ್ನೇ ಏಕೆ ಆರಿಸಿಕೊಂಡೆ ಎಂದು ಪತ್ರಕರ್ತರು ಕೇಳಿದಾಗ, ಒಂಟಿಯಾಗಿ ಕೆಲಸ ಮಾಡುವ ಹೆಂಗಸು, ಹಣವಂತ ಏಜೆಂಟ್ ಎಂಬ ಕಾರಣಕ್ಕೆ ಎಂದು ಆತ ಹೇಳಿದ್ದ.

ಇಲ್ಲಿ ಫೋನ್ ಇತ್ತು, ಆದರೆ ಅದು ಅಪರಾಧಿಯ ಕೈ ಸೇರಿತ್ತು. ಫೋನಿನ ಮಿತಿಗಳನ್ನು ವಿದ್ಯಾರ್ಥಿಗಳು ಸರಿಯಾಗಿ ತಿಳಿಯಬೇಕು. ನಾವಿರುವ ಸ್ಥಳವನ್ನು ಫೋನ್ ಗುರುತಿಸುವುದು ಮುಖ್ಯವಾಗಿ ಭೂಮಿಯಿಂದ ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತಗಳಿಂದ. ಅಷ್ಟು ದೂರದಿಂದ ಬರುವ ರೇಡಿಯೋ ಅಲೆ ನಮ್ಮನ್ನು ತಲುಪುವಾಗ ಬಹಳ ಕ್ಷೀಣವಾಗಿರುತ್ತದೆ. ಕಾಂಕ್ರೀಟ್ ಛಾವಣಿ, ಕಬ್ಬಿಣದ ಸರಳುಗಳು ಅದನ್ನು ಮತ್ತಷ್ಟು ತಡೆಯುತ್ತವೆ. ನೆಲಮಾಳಿಗೆಯಲ್ಲಿ ಸಂಕೇತ ಸಿಗದೆಯೂ ಹೋಗಬಹುದು. ಹತ್ತಿರದ ಮೊಬೈಲ್ ಗೋಪುರಗಳ ನೆರವಿನಿಂದ ಸ್ಥಳ ಊಹಿಸಬಹುದು. ಆದರೆ ಗೋಪುರಗಳು ವಿರಳವಾಗಿರುವ ಹಳ್ಳಿಗಾಡಿನಲ್ಲಿ ಆ ಲೆಕ್ಕ ಕಿಲೋಮೀಟರುಗಳಷ್ಟು ತಪ್ಪಬಹುದು. ಬ್ಯಾಟರಿ ಮುಗಿದರೆ ಎಲ್ಲವೂ ನಿಂತಿತು. ಆದ್ದರಿಂದ ಯಂತ್ರ ನೆರವಿಗೆ ಇರಲಿ, ಆದರೆ ಅತ್ತ ಕಡೆ ಕಾಯುತ್ತಿರುವ ಮನುಷ್ಯನೊಬ್ಬ ಇರಲೇಬೇಕು.

ಏಜೆಂಟರು ಕಲಿತ ಪಾಠಗಳು

ಇಂಥ ಘಟನೆಗಳ ಬಳಿಕ ಬ್ರಿಟನ್ ಮತ್ತು ಅಮೆರಿಕದ ಏಜೆಂಟರು ತಮ್ಮ ಕೆಲಸದ ರೀತಿಯನ್ನು ತಿದ್ದಿಕೊಂಡಿದ್ದಾರೆ. ಅಮೆರಿಕದ ಏಜೆಂಟರ ರಾಷ್ಟ್ರೀಯ ಸಂಘ ಪ್ರತಿ ಸೆಪ್ಟೆಂಬರ್ ತಿಂಗಳನ್ನು ಸುರಕ್ಷತಾ ಮಾಸವಾಗಿ ಆಚರಿಸುತ್ತದೆ. ಅವರು ಪಾಲಿಸುವ ಕ್ರಮಗಳು ಬಹಳ ಸರಳವಾದವು.

ಮೊದಲನೆಯದು, ಹೊಸಬರನ್ನು ಮೊದಲು ಖಾಲಿ ಮನೆಯಲ್ಲಿ ಭೇಟಿ ಮಾಡದೆ ಕಚೇರಿಗೆ ಕರೆಯುವುದು. ಅಲ್ಲಿ ನಾಲ್ಕು ಜನ ಅವರ ಮುಖ ನೋಡಿರುತ್ತಾರೆ. ಗುರುತಿನ ಚೀಟಿಯ ಪ್ರತಿ, ವಾಹನದ ನಂಬರು ಕಚೇರಿಯಲ್ಲಿ ಉಳಿಯುತ್ತವೆ. ನಿಜವಾಗಿ ಮನೆ ಕೊಳ್ಳುವವರು ಲಕ್ಷಾಂತರ ರೂಪಾಯಿಯ ವ್ಯವಹಾರಕ್ಕೆ ಬಂದವರು. ಅರ್ಧ ಗಂಟೆಯ ಇಂಥ ವಿಚಾರಣೆಗೆ ಅವರು ಬೇಸರಪಡುವುದಿಲ್ಲ. ಕೆಟ್ಟ ಉದ್ದೇಶದವನಿಗೆ ಬೇಕಾದದ್ದು ತನ್ನ ಗುರುತು ಸಿಗದಿರುವುದು. ಕಚೇರಿಗೆ ಬರಲು ಒಪ್ಪದವನು ಅಲ್ಲಿಗೇ ಜಾರಿಕೊಳ್ಳುವ ಸಂಭವ ಹೆಚ್ಚು.

ಎರಡನೆಯದು, ಮನೆಯೊಳಗೆ ಗ್ರಾಹಕರನ್ನು ಮುಂದೆ ಬಿಟ್ಟು ತಾವು ಹಿಂದೆ ನಡೆಯುವುದು. ನಮ್ಮಲ್ಲಿ ಅತಿಥಿಗೆ ದಾರಿ ತೋರಿಸುತ್ತ ಮುಂದೆ ನಡೆಯುವುದು ಮರ್ಯಾದೆ. ಇಲ್ಲಿ ಅದನ್ನು ತಿರುವುಮುರುವು ಮಾಡಬೇಕು. ಹಿಂದೆ ಇದ್ದವರಿಗೆ ಬಾಗಿಲು ಸದಾ ಹತ್ತಿರವಿರುತ್ತದೆ, ಮುಂದಿನವರ ಕೈಗಳು ಕಾಣುತ್ತಿರುತ್ತವೆ. ನೆಲಮಾಳಿಗೆ, ಅಟ್ಟ, ಸಣ್ಣ ಕೋಣೆಗಳಿಗೆ ಗ್ರಾಹಕರೇ ಹೋಗಿ ನೋಡಿ ಬರಲಿ. ಏಜೆಂಟ್ ಹೊರಗೇ ನಿಂತು ವಿವರ ಹೇಳಬಹುದು.

ಮೂರನೆಯದು, ಮನೆಯನ್ನು ಹಗಲಿನಲ್ಲಿ ತೋರಿಸುವುದು. ಮೊದಲೇ ಹೋಗಿ ಕಿಟಕಿಯ ಪರದೆಗಳನ್ನು ಸರಿಸಿ, ಹಿಂಬಾಗಿಲು ಎಲ್ಲಿದೆಯೆಂದು ತಿಳಿದುಕೊಂಡಿರುವುದು. ಸ್ವಂತ ವಾಹನವನ್ನು ಕಾಂಪೌಂಡಿನ ಒಳಗೆ ನಿಲ್ಲಿಸದೆ ರಸ್ತೆಯಲ್ಲಿ ನಿಲ್ಲಿಸಿದರೆ, ಬೇರೆ ವಾಹನ ಅಡ್ಡ ಬಂದು ದಾರಿ ಕಟ್ಟುವುದು ಕಷ್ಟ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಹೊರಡುವ ಮುನ್ನ ಕಚೇರಿಯಲ್ಲಿ ಅಥವಾ ಮನೆಯಲ್ಲಿ ಒಬ್ಬರಿಗೆ ಸ್ಥಳ, ವ್ಯಕ್ತಿ, ಮುಗಿಯುವ ಹೊತ್ತು ಮೂರನ್ನೂ ತಿಳಿಸುವುದು. ಆ ಹೊತ್ತಿಗೆ ಕರೆ ಬಾರದಿದ್ದರೆ ಅವರು ಫೋನ್ ಮಾಡಬೇಕು. ಉತ್ತರ ಬಾರದಿದ್ದರೆ ಮುಂದೇನು ಮಾಡಬೇಕೆಂಬುದೂ ಮೊದಲೇ ನಿಶ್ಚಯವಾಗಿರಬೇಕು. ಜೊತೆಗೆ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳುವುದೂ ಉಂಟು. ಉದಾಹರಣೆಗೆ, 'ಕೆಂಪು ಫೈಲ್ ಮೇಜಿನ ಮೇಲಿದೆಯಾ ನೋಡಿ' ಎಂದು ಏಜೆಂಟ್ ಕಚೇರಿಗೆ ಫೋನ್ ಮಾಡಿದರೆ, 'ನಾನು ಅಪಾಯದಲ್ಲಿದ್ದೇನೆ' ಎಂದು ಅರ್ಥ. ಪಕ್ಕದಲ್ಲಿ ನಿಂತವನಿಗೆ ಅದು ಸಾಮಾನ್ಯ ಮಾತಿನಂತೆಯೇ ಕೇಳುತ್ತದೆ.

ಇದು ಎಲ್ಲರನ್ನೂ ಸಂಶಯದಿಂದ ನೋಡಿದಂತಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಮನೆಯ ವಿದ್ಯುತ್ ಮಂಡಲದಲ್ಲಿ ಫ್ಯೂಸ್ ಹಾಕುತ್ತೇವೆ. ಪ್ರತಿದಿನ ಶಾರ್ಟ್ ಸರ್ಕ್ಯೂಟ್ ಆಗುತ್ತದೆಂದು ಅಲ್ಲ. ಎಂದೋ ಒಮ್ಮೆ ಆದಾಗ ಯೋಚಿಸಲು ಸಮಯವಿರುವುದಿಲ್ಲ ಎಂಬ ಕಾರಣಕ್ಕೆ. ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಯಾರಿಗೂ ಅವಮಾನವೆನಿಸದು. 'ಇದು ನಮ್ಮ ಕಚೇರಿಯ ಪದ್ಧತಿ' ಎಂದರೆ ಸಾಕು.

ನಮ್ಮ ಮನೆಗಳಿಗೂ ಅನ್ವಯ

ಕರ್ನಾಟಕದಲ್ಲೂ ಮನೆ, ನಿವೇಶನ ತೋರಿಸುವ ಕೆಲಸದಲ್ಲಿ ಯುವಕ ಯುವತಿಯರು ತೊಡಗಿದ್ದಾರೆ. ರೇರಾ ಎಂದು ಪ್ರಸಿದ್ಧವಾದ 2016ರ ಕೇಂದ್ರ ಕಾಯಿದೆಯ ಪ್ರಕಾರ, ನೋಂದಾಯಿತ ಯೋಜನೆಗಳ ಮನೆ, ನಿವೇಶನಗಳನ್ನು ಮಾರಿಸುವ ಏಜೆಂಟರೂ ನೋಂದಣಿ ಮಾಡಿಸಿಕೊಳ್ಳಬೇಕು. ಹೀಗಾಗಿ ಏಜೆಂಟ್ ಯಾರೆಂದು ಕೊಳ್ಳುವವರು ಪರಿಶೀಲಿಸಬಹುದು. ಆದರೆ ಕೊಳ್ಳಲು ಬಂದವರು ಯಾರೆಂಬುದನ್ನು ಏಜೆಂಟ್ ತಾನೇ ವಿಚಾರಿಸಿಕೊಳ್ಳಬೇಕು.

ಇನ್ನೊಂದು ಬದಿಯನ್ನೂ ನೋಡಬೇಕು. ಪಿಯುಸಿ ಮುಗಿಸಿ ಬೆಂಗಳೂರು, ಮೈಸೂರು, ಧಾರವಾಡಗಳಿಗೆ ಓದಲು ಬರುವ ಮಕ್ಕಳು ಬಾಡಿಗೆ ಕೋಣೆ ಹುಡುಕುತ್ತ ಅಪರಿಚಿತ ಏಜೆಂಟರ ಹಿಂದೆ ಖಾಲಿ ಮನೆಗಳೊಳಗೆ ಕಾಲಿಡುತ್ತಾರೆ. ಇಲ್ಲಿ ತೋರಿಸುವವನೂ ಅಪರಿಚಿತ, ನೋಡುವವರೂ ಅಪರಿಚಿತರು. ಮನೆಪಾಠ ಹೇಳಲು ಹೋಗುವವರು, ಪಾರ್ಸೆಲ್ ತಲುಪಿಸುವವರು, ಮನೆಮನೆ ಸಮೀಕ್ಷೆಗೆ ಹೋಗುವವರು ಎಲ್ಲರದೂ ಇದೇ ಸ್ಥಿತಿ. ಕೋಣೆ ನೋಡಲು ಇಬ್ಬರು ಜೊತೆಯಾಗಿ, ಹಗಲಿನಲ್ಲಿ ಹೋಗಬೇಕು. ಒಬ್ಬರೇ ಹೋಗಲೇಬೇಕಾದರೆ ವಿಳಾಸ, ಏಜೆಂಟನ ಹೆಸರು, ಫೋನ್ ನಂಬರು, ಮರಳುವ ಹೊತ್ತು ಮನೆಯವರಿಗೆ ತಿಳಿದಿರಬೇಕು. ಇದು ಹೆಣ್ಣುಮಕ್ಕಳಿಗೆ ಮಾತ್ರ ಹೇಳುವ ಬುದ್ಧಿಮಾತಲ್ಲ, ಗಂಡುಮಕ್ಕಳಿಗೂ ಸಲ್ಲುತ್ತದೆ.

ತುರ್ತು ಸಂದರ್ಭದಲ್ಲಿ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ 112 ಸಂಖ್ಯೆಗೆ ಕರೆ ಮಾಡಬಹುದು. ಮೊಬೈಲುಗಳಲ್ಲಿ ತುರ್ತು ಕರೆಯ ಗುಂಡಿ ಇರಬೇಕೆಂದು ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಆದರೆ ಅದನ್ನು ಒತ್ತುವ ಕ್ರಮ ಒಂದೊಂದು ಫೋನಿನಲ್ಲಿ ಒಂದೊಂದು ಬಗೆ. ಒಂದು ಭಾನುವಾರ ಮನೆಮಂದಿಯೆಲ್ಲ ಕೂತು ತಮ್ಮ ತಮ್ಮ ಫೋನಿನಲ್ಲಿ ಅದು ಹೇಗಿದೆಯೆಂದು ನೋಡಿಟ್ಟುಕೊಳ್ಳುವುದು ಒಳ್ಳೆಯದು. ಮನೆಯವರಿಗಷ್ಟೇ ತಿಳಿದ ಒಂದು ಗುಟ್ಟಿನ ಮಾತನ್ನೂ ಅಂದೇ ಗೊತ್ತು ಮಾಡಿಕೊಳ್ಳಬಹುದು.

ಪಾಲಕರ ಪಾಲಿನ ಕರ್ತವ್ಯವೂ ಇದೆ. 'ಎಲ್ಲಿಗೆ ಹೋಗಿದ್ದೆ, ಯಾಕೆ ತಡ?' ಎಂದು ಗದರಿಸುವ ಮನೆಯಲ್ಲಿ ಮಕ್ಕಳು ಹೇಳದೆ ಹೋಗುವುದನ್ನು ಕಲಿಯುತ್ತಾರೆ. ಹೇಳಿದರೆ ಬೈಗುಳವಿಲ್ಲ, ಹೇಳದಿದ್ದರೆ ಅಪಾಯ ಎಂಬುದು ಮಕ್ಕಳಿಗೆ ಮನವರಿಕೆಯಾಗಬೇಕು. ಮಕ್ಕಳು ಫೋನ್ ಮಾಡಿ 'ಇಲ್ಲಿ ಯಾಕೋ ಸರಿ ಕಾಣುತ್ತಿಲ್ಲ' ಎಂದರೆ ಕಾರಣ ಕೇಳುತ್ತ ಕೂರದೆ 'ಅಲ್ಲಿಂದ ಹೊರಟುಬಿಡು' ಎನ್ನಬೇಕು. ಮನೆ ತಪ್ಪಿಹೋದರೆ ಇನ್ನೊಂದು ಮನೆ ಸಿಗುತ್ತದೆ.

ಸೂಝಿಯ ದಿನಚರಿಯಲ್ಲಿ ಸ್ಥಳವಿತ್ತು, ಹೆಸರಿತ್ತು, ಹೋಗುವ ಹೊತ್ತಿತ್ತು. ಮರಳುವ ಹೊತ್ತು ಇರಲಿಲ್ಲ. ಅದೊಂದು ಸಾಲು ಇದ್ದಿದ್ದರೆ ಆಕೆ ಉಳಿಯುತ್ತಿದ್ದಳೆಂದು ಯಾರೂ ಹೇಳಲಾರರು. ಆದರೆ ಹುಡುಕಾಟ ಕೆಲವು ಗಂಟೆ ಮೊದಲೇ ಶುರುವಾಗುತ್ತಿತ್ತು. ನಾಳೆ ಮನೆಯಿಂದ ಹೊರಡುವ ಪ್ರತಿಯೊಬ್ಬರೂ ಅದೊಂದು ಸಾಲನ್ನು ಮನೆಯವರಿಗೆ ಹೇಳಿ ಹೊರಡಲಿ.