ಎರಡು ಫಾಸ್ಟ್ ಲೆನ್ಸ್‌ಗಳನ್ನು ನ್ಯಾಯವಾಗಿ ಹೋಲಿಸುವುದು ಹೇಗೆ?



ನಮ್ಮ ಹಿರಿಯ ಸದಸ್ಯರ ಭಾವಚಿತ್ರಗಳನ್ನು ಫಿಲ್ಮ್ ರೋಲ್‌ನಲ್ಲಿ ತೆಗೆದು, ನೆಗೆಟಿವ್ ಸಮೇತ ಕಾಪಾಡಿ ಇಡಲು ಸಮಿತಿ ನಿರ್ಧರಿಸಿರುವುದು ತಮಗೆ ಗೊತ್ತೇ ಇದೆ. ಕಳೆದ ಸಭೆಯಲ್ಲಿ ಇಚಲಕರಂಜಿಯ ಸದಸ್ಯರು 85 ಮಿ.ಮೀ. ಎಫ್ 1.4 ಲೆನ್ಸನ್ನೇ ಕೊಳ್ಳಬೇಕೆಂದರು. ಎಫ್ 1.8 ಸಾಕು, ಉಳಿದ ಹಣಕ್ಕೆ ರೋಲ್ ತರೋಣ ಎಂದರು ಗಡಹಿಂಗ್ಲಜದವರು. ಇಬ್ಬರೂ ಪ್ರಿಂಟ್ ತೋರಿಸಿದರು. ಒಂದನ್ನು ಬೆಳಗಿನ ಹೊತ್ತು ಅಂಗಳದಲ್ಲಿ ತೆಗೆದಿದ್ದರು, ಇನ್ನೊಂದನ್ನು ಟ್ಯೂಬ್‌ಲೈಟ್ ಕೆಳಗೆ. ರೋಲೂ ಬೇರೆ, ತೊಳೆದ ಸ್ಟುಡಿಯೋವೂ ಬೇರೆ. ಲೆನ್ಸಿನ ಗುಣ ಮಾತ್ರ ಅದರಲ್ಲಿ ತಿಳಿಯಲಿಲ್ಲ.

ಕೊಲ್ಹಾಪುರದಲ್ಲಿ ಇದನ್ನು ಬರೀ ಮಾತಿನಲ್ಲಿ ಮುಗಿಸುವುದು ಸರಿಯಲ್ಲ. ನಾಟಕದ ಪರದೆ ಬರೆಯುತ್ತಿದ್ದ ಬಾಬುರಾವ್ ಪೇಂಟರ್ ತಾವೇ ಸಿನಿಮಾ ಕ್ಯಾಮೆರಾ ಕಟ್ಟಿ, 1920ರಲ್ಲಿ ‘ಸೈರಂಧ್ರಿ’ಯನ್ನು ತೆರೆಗೆ ತಂದ ಊರಿದು. ನಾವೂ ಮಾಡಿಯೇ ನೋಡೋಣ.

ಮೊದಲು ವ್ಯತ್ಯಾಸವೆಷ್ಟು ಎಂಬುದನ್ನು ನೋಡೋಣ. ಹೆಚ್ಚು ಬೆಳಕು ಒಳಗೆ ಬಿಡುವ ಲೆನ್ಸಿಗೆ ಫಾಸ್ಟ್ ಲೆನ್ಸ್ ಎನ್ನುತ್ತಾರೆ. ಎಫ್ 1.8ಕ್ಕಿಂತ ಎಫ್ 1.4ರಲ್ಲಿ ಬರುವ ಬೆಳಕು ಸುಮಾರು ಒಂದೂವರೆ ಪಟ್ಟು, ಅಂದರೆ ಒಂದು ಸ್ಟಾಪ್ ಕೂಡ ಅಲ್ಲ. ಎರಡು ಮೀಟರ್ ದೂರದಿಂದ ತೆಗೆದರೆ 85 ಮಿ.ಮೀ. ಲೆನ್ಸಿನಲ್ಲಿ ಸ್ಪಷ್ಟವಾಗಿ ಬರುವ ಆಳ ಎಫ್ 1.4ರಲ್ಲಿ ಸುಮಾರು ನಾಲ್ಕೂವರೆ ಸೆಂಟಿಮೀಟರ್, ಎಫ್ 1.8ರಲ್ಲಿ ಸುಮಾರು ಆರು. ಕಣ್ಣಿಗೆ ಫೋಕಸ್ ಮಾಡಿದರೆ ಎರಡರಲ್ಲಿಯೂ ಕಿವಿ ಮಸುಕೇ. ಎದುರಿಗೆ ಕುಳಿತ ಅಜ್ಜ ಎರಡು ಬೆರಳಿನಷ್ಟು ಮುಂದೆ ಬಾಗಿದರೆ ಕಣ್ಣೂ ಮಸುಕಾಗುತ್ತದೆ.

ಪರೀಕ್ಷೆಯ ನಿಯಮ ಒಂದೇ: ಲೆನ್ಸ್ ಮಾತ್ರ ಬದಲಾಗಬೇಕು, ಉಳಿದದ್ದೆಲ್ಲ ಹಾಗೆಯೇ ಇರಬೇಕು.

1. ಕ್ಯಾಮೆರಾ ಒಂದೇ, ರೋಲೂ ಒಂದೇ. ಕ್ಯಾಮೆರಾ ಸ್ಟ್ಯಾಂಡ್ ಮೇಲಿರಲಿ, ಶಟರನ್ನು ಕೇಬಲಿನಿಂದ ಒತ್ತಬೇಕು.

2. ಬಿಸಿಲು ಬೇಡ. ಐಎಸ್‌ಒ 400 ರೋಲ್ ಹಾಕಿ ಬಿಸಿಲಲ್ಲಿ ಎಫ್ 1.4 ಇಟ್ಟರೆ ಸೆಕೆಂಡಿನ 50,000ದಲ್ಲಿ ಒಂದು ಭಾಗದ ಶಟರ್ ಬೇಕಾಗುತ್ತದೆ. ನಮ್ಮ ಹಳೆಯ ಕ್ಯಾಮೆರಾಗಳಲ್ಲಿ ಹೆಚ್ಚಿನವು 1,000ಕ್ಕೇ ನಿಲ್ಲುತ್ತವೆ. ಐಎಸ್‌ಒ 100 ರೋಲ್ ಮತ್ತು ಕಿಟಕಿಯ ಬೆಳಕು ಸಾಕು. ಮೋಡ ಬಂದು ಹೋಗುತ್ತಿದ್ದರೆ ಲೆನ್ಸ್‌ಗಳನ್ನು ಒಂದಾದ ಮೇಲೊಂದು ಬದಲಿಸುತ್ತಾ ತೆಗೆಯಬೇಕು.

3. ಚೌಕಟ್ಟಿನಲ್ಲಿ ಮುಖದ ಗಾತ್ರ ಸಮನಾಗಿರಲಿ. ಯಾರಾದರೂ 50 ಮಿ.ಮೀ. ಲೆನ್ಸ್ ತಂದರೆ ಹತ್ತಿರ ಹೋಗಬೇಕಾಗುತ್ತದೆ, ಆಗ ಮೂಗು ದೊಡ್ಡದಾಗಿ ಕಾಣುತ್ತದೆ. ಅದು ದೂರದ ಗುಣ, ಲೆನ್ಸಿನ ದೋಷವಲ್ಲ.

4. ಅಪರ್ಚರ್ ಸಮನಾಗಿರಲಿ. ಎಫ್ 1.4ರ ಚಿತ್ರವನ್ನು ಇನ್ನೊಂದರ ಎಫ್ 4ರ ಚಿತ್ರದ ಪಕ್ಕ ಇಡುವುದು ನ್ಯಾಯವಲ್ಲ. ಪೂರ್ತಿ ತೆರೆದು, ಆಮೇಲೆ ಎಫ್ 2, 2.8, 4 ಹೀಗೆ ನಾಲ್ಕು ಹಂತ.

5. ಪ್ರತಿ ಹಂತಕ್ಕೆ ಮೂರು ಚಿತ್ರ, ಪ್ರತಿಸಲವೂ ಹೊಸದಾಗಿ ಫೋಕಸ್. ಇಲ್ಲದಿದ್ದರೆ ನಮ್ಮ ಕೈತಪ್ಪು ಲೆನ್ಸಿನ ತಲೆಗೆ ಕಟ್ಟಿದಂತಾಗುತ್ತದೆ. ಎರಡು ಲೆನ್ಸ್‌ಗೆ ಒಟ್ಟು 24 ಚಿತ್ರ. ಇವಕ್ಕೆ ಸಂಘದಲ್ಲಿರುವ ಬಸವಣ್ಣನವರ ಮೂರ್ತಿಯೇ ಸರಿ, ಅದು ಅಲುಗಾಡುವುದಿಲ್ಲ. ಉಳಿದ 12ರಲ್ಲಿ ಹಿರಿಯರೊಬ್ಬರನ್ನು ಕುರ್ಚಿಯಲ್ಲಿ ಕೂಡಿಸಿ, ಎಫ್ 2ರಲ್ಲಿ ಲೆನ್ಸಿಗೆ ಆರರಂತೆ ತೆಗೆಯೋಣ.

6. ಚಿತ್ರದ ಸಂಖ್ಯೆ, ಲೆನ್ಸ್, ಅಪರ್ಚರ್, ಶಟರ್ ಎಲ್ಲವನ್ನೂ ಅಲ್ಲಿಯೇ ಬರೆದಿಡಬೇಕು. ಫಿಲ್ಮ್ ಇದನ್ನು ನೆನಪಿಡುವುದಿಲ್ಲ. ಆಫೀಸಿನ ಆವಕ-ಜಾವಕ ರಜಿಸ್ಟರಿನಂತೆ ಇದ್ದರೆ ಆಯಿತು.

7. ಸ್ಕ್ಯಾನ್ ಮಾಡುವಾಗ ಯಂತ್ರ ತಾನಾಗಿಯೇ ಚಿತ್ರವನ್ನು ತಿದ್ದುವುದನ್ನು ನಿಲ್ಲಿಸಲು ಸ್ಟುಡಿಯೋದವರಿಗೆ ಹೇಳಬೇಕು. ಪ್ರಿಂಟ್‌ಗಳು ಒಂದೇ ಅಳತೆಯವಾಗಿರಲಿ. ಹಿಂದೆ ಸಂಖ್ಯೆ ಮಾತ್ರ ಇರಲಿ, ಲೆನ್ಸಿನ ಹೆಸರು ಬೇಡ.

ನೋಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಕಣ್ಣು ಸ್ಪಷ್ಟವಾಗಿದೆಯೇ? ಚರ್ಮದ ಸುಕ್ಕು ಸಹಜವಾಗಿ ಬಂದಿದೆಯೇ? ಹಿಂದಿನ ಮಸುಕು ಮುಖದಿಂದ ಗಮನ ಸೆಳೆಯುತ್ತದೆಯೇ? ಎಫ್ 2.8ರ ಪ್ರಿಂಟ್‌ಗಳಲ್ಲಿ ಯಾವುದು ಯಾವ ಲೆನ್ಸಿನದೆಂದು ಗುರುತಿಸಲು ಆಗದಿದ್ದರೆ, ಹೆಚ್ಚಿನ ಹಣ ಕೊಡಲು ಪೂರ್ತಿ ತೆರೆದಾಗಿನ ಚಿತ್ರವೊಂದೇ ಕಾರಣವಾಗಿ ಉಳಿಯುತ್ತದೆ. ಅಲುಗಾಡುವ ಹಿರಿಯರ ಮುಂದೆ ಅದನ್ನು ಎಷ್ಟು ಸಲ ಬಳಸುತ್ತೇವೆ ಎಂಬುದನ್ನೂ ಆಗ ಲೆಕ್ಕ ಹಾಕಬೇಕು.

ಯಾವ ಲೆನ್ಸ್ ಗೆದ್ದರೂ ನಮಗೆ ಸಂತೋಷವೇ. ಆದರೆ ಇದೇ ಚರ್ಚೆಯಲ್ಲಿ ಒಂದು ವರ್ಷ ಕಳೆದರೆ, ಪಟ್ಟಿಯಲ್ಲಿರುವ ಹಿರಿಯರೆಲ್ಲ ಕಿಟಕಿಯ ಪಕ್ಕ ಬಂದು ಕೂಡುವರೆಂಬ ಭರವಸೆ ಇಲ್ಲ. ಪರೀಕ್ಷೆಯ ದಿನವನ್ನು ಕಾರ್ಯಕ್ರಮಗಳ ಪುಟದಲ್ಲಿ ತಿಳಿಸುತ್ತೇವೆ. ಲೆನ್ಸ್ ಇದ್ದವರು ತರಬೇಕು, ಇಲ್ಲದವರು ಪ್ರಿಂಟ್ ನೋಡಿ ತೀರ್ಪು ಕೊಡಲು ಬರಬೇಕೆಂದು ವಿನಂತಿ.

– ಕಾರ್ಯದರ್ಶಿ